ನಾಲ್ಕು ಸಾವಿರ ಕುದುರೆ, ಒಂದು ಗುಟುಕು ನೀರು

ನಮ್ಮ ಮನೆಯವರು ಎಲ್ಲಿಗೇ ಹೊರಡಲಿ, ಹೊರಡುವ ಮುಂಚೆ ಒಂದು ಗುಟುಕು ನೀರನ್ನೂ ಬಾಯಿಗೆ ಬಿಟ್ಟುಕೊಳ್ಳುವುದಿಲ್ಲ. ಚಹಾ, ಮಜ್ಜಿಗೆ, ಪಾನಕ, ಯಾವುದೂ ಇಲ್ಲ. ದೂರದ ಪ್ರಯಾಣವೇ ಆಗಬೇಕೆಂದಿಲ್ಲ. ಯಲ್ಲಾಪುರದ ನಮ್ಮ ಮನೆಯಿಂದ ಪೇಟೆಗೆ ಹೋಗಿ ಒಂದು ಕಟ್ಟು ಕೊತ್ತಂಬರಿ ತರುವುದಿದ್ದರೂ ಅಷ್ಟೇ. ಅವರು ರಿಟೈರ್ ಆಗಿ ನಾಲ್ಕು ವರ್ಷವಾಯಿತು, ಅಭ್ಯಾಸ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ.

ಮೊನ್ನೆ ಪಕ್ಕದ ಮನೆಯ ಸಾವಿತ್ರಕ್ಕ ಪೂಜೆಗೆ ಕರೆದಿದ್ದರು. ಊಟವೆಲ್ಲ ಆಗಿ ಹೊರಡುವ ಹೊತ್ತಿಗೆ ಬಿಸಿ ಕಷಾಯದ ಎರಡು ಲೋಟ ತಂದರು. ಇವರು ಕೈಮುಗಿದು ಬೇಡವೆಂದು ಮೆಟ್ಟಿಲಿಳಿದು ಚಪ್ಪಲಿ ಹುಡುಕತೊಡಗಿದರು. ಸಾವಿತ್ರಕ್ಕನ ಮುಖ ಸಣ್ಣದಾಯಿತು. "ನಾನು ಮಾಡಿದ್ದು ನಿಮ್ಮ ಯಜಮಾನ್ರಿಗೆ ಎಂತಕ್ಕೆ ಸೇರೋದಿಲ್ಲ ಮಾರಾಯ್ತಿ?" ಎಂದು ನನ್ನನ್ನೇ ಕೇಳಿದರು. ಎರಡು ವರ್ಷದ ಹಿಂದಾಗಿದ್ದರೆ ನಾನೂ ಅವರ ಜೊತೆ ಸೇರಿಕೊಂಡು ಗಂಡನನ್ನು ನಾಲ್ಕು ಮಾತು ಆಡಿಕೊಂಡು ನಗುತ್ತಿದ್ದೆ. ಈ ಸಲ ಎರಡೂ ಲೋಟ ನಾನೇ ಕುಡಿದೆ. ನಾಲಿಗೆ ಸುಟ್ಟಿತು. ಸುಡಬೇಕಾದ ನಾಲಿಗೆಯೇ ಅದು. ಯಾಕೆಂದು ಹೇಳಬೇಕಾದರೆ ನನ್ನ ಬಡಾಯಿಯಿಂದಲೇ ಸುರು ಮಾಡಬೇಕು.

ನಿಮಗೆ ಗೊತ್ತೇ ಇದೆ, ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಪೇಟೆಗಳಿಗೆ ರೈಲು ಬರುವುದಿಲ್ಲ. ರೈಲು ಬರುತ್ತದಂತೆ ಎಂಬ ಸುದ್ದಿ ಮಾತ್ರ ನನ್ನ ಬಾಲ್ಯದಿಂದ ತಪ್ಪದೆ ಬರುತ್ತಿದೆ. ಇಂಥ ಸೀಮೆಯಲ್ಲಿ ಇಂಜಿನ್ ಓಡಿಸುವವನ ಹೆಂಡತಿಯಾಗುವುದೆಂದರೆ ಸಣ್ಣ ಮಾತಲ್ಲ. ನಾನು ಯಲ್ಲಾಪುರದಲ್ಲಿ ಪ್ರಾಥಮಿಕ ಶಾಲೆಯ ಅಕ್ಕೋರು. ಇವರ ಡ್ಯೂಟಿ ಹುಬ್ಬಳ್ಳಿಯಿಂದ. ರಜೆ ಸಿಕ್ಕಾಗ ಬಸ್ಸಿನಲ್ಲಿ ಬಂದು ಒಂದೆರಡು ದಿನ ಇದ್ದು ಹೋಗುತ್ತಿದ್ದರು. ಅವರು ಇಲ್ಲದ ದಿನಗಳಲ್ಲಿ ಅವರ ಬಗ್ಗೆ ಹೇಳಿಕೊಳ್ಳಲು ನನಗೆ ಬೇಕಾದಷ್ಟು ಸಮಯವಿತ್ತು. ಮೊದಲೆಲ್ಲ ಡ್ರೈವರ್ ಅನ್ನುತ್ತಿದ್ದರು. ಆಮೇಲೆ ಅದು ಲೋಕೋ ಪೈಲಟ್ ಎಂದಾಯಿತು. ಪೈಲಟ್ ಎಂಬ ಶಬ್ದ ಸಿಕ್ಕ ಮೇಲೆ ನನ್ನ ಬಡಾಯಿಗೆ ರೆಕ್ಕೆಯೇ ಬಂತು.

ಒಂದೇ ಒಂದು ಕೊರತೆ ಇತ್ತು. "ಯಾವ ಎಕ್ಸ್‌ಪ್ರೆಸ್ ಓಡಿಸ್ತಾರೆ?" ಎಂದು ಜನ ಕೇಳುತ್ತಿದ್ದರು. ಇವರು ಎಳೆಯುತ್ತಿದ್ದುದು ಕಲ್ಲಿದ್ದಲು. ಗೋವೆಯ ಬಂದರಿನಲ್ಲಿ ಹಡಗಿನಿಂದಿಳಿದ ಕಲ್ಲಿದ್ದಲನ್ನು ಘಟ್ಟ ಹತ್ತಿಸಿ ಬಯಲುಸೀಮೆಯ ಉಕ್ಕಿನ ಕಾರ್ಖಾನೆಗಳ ಕಡೆಗೆ ಮುಟ್ಟಿಸುವ ಗೂಡ್ಸ್ ಗಾಡಿ. ಕಲ್ಲಿದ್ದಲು ಅಂದರೆ ಸಾಕು, ಕೇಳಿದವರ ಉತ್ಸಾಹ ಅರ್ಧ ಇಳಿಯುತ್ತಿತ್ತು. ಅದಕ್ಕೆ ನಾನು ಇಂಜಿನ್ನಿನ ಜಾತಿಯನ್ನು ಬಾಯಿಪಾಠ ಮಾಡಿದೆ. ಡಬ್ಲ್ಯುಡಿಜಿ ಫೋರ್. ಡಬ್ಲ್ಯು ಅಂದರೆ ಅಗಲ ಹಳಿ, ಡಿ ಅಂದರೆ ಡೀಸೆಲ್, ಜಿ ಅಂದರೆ ಗೂಡ್ಸ್. "ಒಂದೊಂದರ ಹೊಟ್ಟೆಯಲ್ಲಿ ನಾಲ್ಕು ಸಾವಿರ ಕುದುರೆ" ಎಂದು ಇವರೇ ಒಮ್ಮೆ ಹೇಳಿದ್ದರು. ನಾನು ಆ ಕುದುರೆಗಳನ್ನು ಊರೆಲ್ಲ ಮೇಯಿಸಿದೆ. ಘಟ್ಟ ಎಷ್ಟು ಕಡಿದೆಂದರೆ ಮುಂದೆ ಇಂಜಿನ್‌ಗಳು ಎಳೆಯಬೇಕು, ಹಿಂದಿನಿಂದ ಮತ್ತೆರಡು ನೂಕಬೇಕು. ಹಳಿಯ ಮೇಲೆ ಗಾಲಿ ಜಾರದಂತೆ ಮರಳು ಉದುರಿಸುತ್ತ ಹೋಗಬೇಕು. ಆದರೂ ಸೈಕಲ್ಲಿನವನೊಬ್ಬ ಪಕ್ಕದಲ್ಲಿ ಬಂದರೆ ದಾಟಿಕೊಂಡು ಹೋದಾನು. ಇದನ್ನೆಲ್ಲ ನಾನೇ ಮರಳು ಉದುರಿಸಿ ಬಂದವಳಂತೆ ವರ್ಣಿಸುತ್ತಿದ್ದೆ. ನಾಲ್ಕನೆಯ ತರಗತಿಯ ಮಕ್ಕಳಿಗೆ ಸಾರಿಗೆಯ ಪಾಠ ಬಂದಾಗ ಒಂದು ತಾಸಿನ ಪಾಠ ಮೂರು ದಿನ ನಡೆಯುತ್ತಿತ್ತು.

ಇಷ್ಟೆಲ್ಲ ಹೇಳಿದವಳು ಆ ಇಂಜಿನ್ನಿನ ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ನನ್ನ ಮನಸ್ಸಿನಲ್ಲಿದ್ದದ್ದು ದೊಡ್ಡ ಸಾಹೇಬರ ಕೋಣೆ. ತಿರುಗುವ ಕುರ್ಚಿ, ತಣ್ಣಗಿನ ಗಾಳಿ, ಗಾಜಿನಾಚೆ ದೂಧಸಾಗರದ ನೀರು. ರೈಲಿನ ಡಬ್ಬಿಯಲ್ಲೇ ಮಲಗಲು, ಕೂರಲು, ಕೈತೊಳೆಯಲು ಅಷ್ಟೆಲ್ಲ ಸವಲತ್ತು ಇರುವಾಗ ಇಂಜಿನ್ನಿನಲ್ಲಿ ಇನ್ನೆಷ್ಟಿರಬೇಡ!

ನನ್ನ ತವರು ಬನವಾಸಿ. ಅಪ್ಪನದು ಬಟ್ಟೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮದುವೆಯಾದ ಮೊದಲ ವರ್ಷ ನಾವಿಬ್ಬರೂ ಹಬ್ಬಕ್ಕೆ ಹೋಗಿದ್ದೆವು. ಮೂರನೆಯ ದಿನ ಇವರಿಗೆ ಡ್ಯೂಟಿಯ ಕರೆ ಬಂತು, ಶಿರಸಿಗೆ ಹೋಗಿ ಹುಬ್ಬಳ್ಳಿ ಬಸ್ ಹಿಡಿಯಬೇಕು. ಅಪ್ಪ ಅಂಗಡಿಯ ಗಿರಾಕಿಗಳನ್ನು ಬಿಟ್ಟು ಒಳಗೆ ಬಂದು, ತಾವೇ ಕೆನೆಹಾಲಿನ ಚಹಾ ಮಾಡಿಸಿ, ಬೆಳ್ಳಿಯ ಲೋಟದಲ್ಲಿ ತಂದು ಅಳಿಯನ ಮುಂದೆ ಹಿಡಿದರು. ಇವರು ಬೇಡ ಎಂದರು. ಅಪ್ಪ ಇನ್ನೊಮ್ಮೆ ಹೇಳಿದರು. ಇವರು ನೆಲ ನೋಡುತ್ತ ಮತ್ತೆ ಬೇಡ ಎಂದರು. ನೆಂಟರೆಲ್ಲ ನಿಂತು ನೋಡುತ್ತಿದ್ದರು. "ನಮ್ಮನಿ ಹಾಲಿನಾಗ ಏನರ ಬಿದ್ದೈತೇನ್ರಿ?" ಎಂದು ಅಪ್ಪ ಕೇಳಿದರು. ನಗುತ್ತಲೇ ಕೇಳಿದ್ದು, ಆದರೆ ಚಾಚಿದ ಲೋಟವನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಇವರು ಬ್ಯಾಗು ಎತ್ತಿಕೊಂಡು ಹೊರಟೇಬಿಟ್ಟರು. ಅಂದಿನಿಂದ ಅಪ್ಪ ಅಳಿಯನಿಗೆ ಎಂದೂ ಚಹಾ ಕೊಡಲಿಲ್ಲ. ಮಾತೂ ಅಷ್ಟಕ್ಕಷ್ಟೆ. ಏನಾದರೂ ಹೇಳುವುದಿದ್ದರೆ ಎದುರಿಗೆ ಕೂತ ಮನುಷ್ಯನಿಗೆ ನನ್ನ ಮೂಲಕ ಹೇಳಿಸುತ್ತಿದ್ದರು. ನಾನು ಅಪ್ಪನ ಪಕ್ಷ. ಎಷ್ಟು ಸಲ ಜಗಳ ತೆಗೆದಿದ್ದೇನೆಂದರೆ, ಆ ಚಹಾದ ವಿಷಯಕ್ಕೆ ನಮ್ಮ ಮನೆಯಲ್ಲಿ ವರ್ಷಾಬ್ದಿಕವೇ ನಡೆಯುತ್ತಿತ್ತು ಎನ್ನಬಹುದು. ಇವರು ಪ್ರತಿಸಲವೂ "ತಪ್ಪಾತು ಬಿಡು" ಎಂದು ಪೇಪರು ಬಿಡಿಸಿಕೊಳ್ಳುತ್ತಿದ್ದರು.

ಐವತ್ತರ ಆಚೆ ಇವರಿಗೆ ಮೂತ್ರಪಿಂಡದಲ್ಲಿ ಕಲ್ಲಾಯಿತು. ಹುಬ್ಬಳ್ಳಿಯ ಡಾಕ್ಟರು ಕಲ್ಲು ತೆಗೆದು, ಇವರನ್ನು ಚೆನ್ನಾಗಿ ಬೈದು, ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕೆಂದು ಹೇಳಿ ಕಳಿಸಿದರು. ಅಕ್ಕೋರ ಕೈಗೆ ಬೆತ್ತ ಕೊಟ್ಟಂತಾಯಿತು. ಇವರು ಡ್ಯೂಟಿಗೆ ಹೊರಟರೆ ನಾನು ತಂಬಿಗೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ, ಪೂರ್ತಿ ಕುಡಿದು ತೋರಿಸುವ ತನಕ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಹುಬ್ಬಳ್ಳಿ ಮುಟ್ಟಿದ ಮೇಲೆ, ಗಾಡಿ ಹತ್ತುವ ಮುಂಚೆ ಇನ್ನೊಂದು ಬಾಟಲಿ ಮುಗಿಸಿದೆನೆಂದು ಫೋನ್ ಮಾಡಬೇಕು. ಕೆಲವು ತಿಂಗಳು ಹೀಗೇ ನಡೆಯಿತು. ಆಮೇಲೆ ಒಂದು ಸಲ ಘಟ್ಟದ ಡ್ಯೂಟಿಯಿಂದ ಬಂದವರು, ತಂಬಿಗೆಯನ್ನು ಅಂಗಳಕ್ಕೆ ಒಯ್ದು ನಿಧಾನಕ್ಕೆ ಕುಡಿಯುತ್ತೇನೆ, ನೀನು ನಿಂತು ನೋಡಬೇಡ ಎಂದರು. ಆ ವರ್ಷ ನಮ್ಮ ಅಂಗಳದ ದಾಸವಾಳ ಕೈಗೆಟುಕದಷ್ಟು ಬೆಳೆಯಿತು. ಗೊಬ್ಬರದ ಗುಣ ಎಂದುಕೊಂಡೆ.

ಕಳೆದ ವರ್ಷ ಬಸವರಾಜ ಎಂಬವರು ಇವರಿಗೆ ಫೋನ್ ಮಾಡಿದರು. ಹಿಂದೆ ಇವರ ಕೈಕೆಳಗೆ ಅಸಿಸ್ಟೆಂಟ್ ಆಗಿದ್ದವರು, ಈಗ ಸ್ವತಃ ಲೋಕೋ ಪೈಲಟ್. ಲೈನಿನ ಮೇಲೆ ಕರೆಂಟಿನ ತಂತಿ ಎಳೆದಾಗಿದೆ, ಡೀಸೆಲ್ ಇಂಜಿನ್‌ಗಳು ಇನ್ನು ಈ ಘಟ್ಟದಲ್ಲಿ ಹೆಚ್ಚು ದಿನ ಇರುವುದಿಲ್ಲ, ನೋಡುವುದಿದ್ದರೆ ಬನ್ನಿ ಎಂದರಂತೆ. ಇವರು ಫೋನ್ ಇಟ್ಟು, ಹೋಗಿ ನೋಡಿ ಬರುತ್ತೇನೆ ಎಂದರು. ನಾನೂ ಬರುತ್ತೇನೆ ಎಂದೆ. ಕಾರು ನಾನೇ ಓಡಿಸುವುದು. ಹಳಿಯ ಮೇಲೆ ಸಾವಿರಾರು ಟನ್ ಎಳೆದ ಇವರಿಗೆ ಸ್ಟೇರಿಂಗ್ ಎಂಬುದೇ ಒಗ್ಗಲಿಲ್ಲ. ಕಲಿಯಲು ಹೋಗಿ ಗೇಟಿಗೆ ಗುದ್ದಿ, ತಿರುವುಗಳನ್ನು ಹಳಿಯೇ ನೋಡಿಕೊಳ್ಳಬೇಕು ಎಂದು ಕೈಬಿಟ್ಟರು.

ಹಳಿಯಾಳದ ದಾರಿ ಹಿಡಿದು, ಮುಂದೆ ಕಾಡಿನೊಳಗೆ ಸುತ್ತಿ ಬಳಸಿ, ಘಟ್ಟದ ನೆತ್ತಿಯ ಮೇಲಿನ ಒಂದು ಸಣ್ಣ ಸ್ಟೇಷನ್ನಿಗೆ ಹೋದೆವು. ಸ್ಟೇಷನ್ನಿನ ಹೆಸರು ಹೇಳುವುದಿಲ್ಲ. ನನ್ನನ್ನು ಇಂಜಿನ್ ಹತ್ತಿಸಿಕೊಂಡವರಿಗೆ ನನ್ನಿಂದ ತೊಂದರೆ ಬೇಡ. ಬೆಳಿಗ್ಗೆ ಹನ್ನೊಂದರ ಹೊತ್ತು. ಕಲ್ಲಿದ್ದಲಿನ ಗಾಡಿ ಆಗಷ್ಟೇ ಘಟ್ಟ ಹತ್ತಿ ಬಂದು ನಿಂತಿತ್ತು. ಹಿಂದಿನಿಂದ ನೂಕಿಕೊಟ್ಟ ಎರಡು ಇಂಜಿನ್‌ಗಳನ್ನು ಕಳಚುತ್ತಿದ್ದರು. ಹತ್ತಿರದಿಂದ ನೋಡಿದರೆ ಅದು ಯಂತ್ರ ಅನ್ನಿಸಲಿಲ್ಲ, ಮನೆಗಿಂತ ಎತ್ತರದ ಯಾವುದೋ ಪ್ರಾಣಿ ಏದುಸಿರು ಬಿಡುತ್ತ ನಿಂತಂತಿತ್ತು. ನಿಂತ ನೆಲ ಅಂಗಾಲಿನಲ್ಲಿ ಅದುರುತ್ತಿತ್ತು. ಹೊಟ್ಟೆಯ ಕಡೆಯಿಂದ ಬಿಸಿ ಗಾಳಿ ಬಡಿಯಿತು. ಇವರು ಹತ್ತಿರ ಹೋಗಿ ಅದರ ಮೈಮೇಲೆ ಅಂಗೈ ಊರಿದರು. ನಾನು ಆಚೆ ಮುಖ ಮಾಡಿದೆ. ನೋಡಬಾರದ್ದನ್ನು ನೋಡಿದ ಹಾಗಾಯಿತು.

ಎದುರಿನಿಂದ ಬರುವ ಗಾಡಿಗಾಗಿ ಇನ್ನೂ ಅರ್ಧ ತಾಸು ನಿಲ್ಲಬೇಕಿತ್ತು. ಬಸವರಾಜ ಕೆಳಗಿಳಿದು ಇವರ ಕಾಲು ಮುಟ್ಟಿ ನಮಸ್ಕಾರ ಮಾಡಿ, ನನಗೆ "ಬರ್ರಿ ಅಕ್ಕಾರ, ಒಳಗ ನೋಡ್ರಿ" ಎಂದರು. ನೆಟ್ಟಗೆ ನಿಂತ ಕಬ್ಬಿಣದ ಮೆಟ್ಟಿಲು. ಸೀರೆ ಎತ್ತಿ ಸಿಕ್ಕಿಸಿಕೊಂಡು ಹತ್ತಿದೆ. ಮೇಲಿನಿಂದ ಒಂದು ಕೈ ಬಂದು ನನ್ನನ್ನು ಎಳೆದುಕೊಂಡಿತು. ನೋಡಿದರೆ ಹೆಣ್ಣು ಕೈ. ಇಪ್ಪತ್ತೈದರ ಆಸುಪಾಸಿನ ಹುಡುಗಿ, ಬಸವರಾಜನ ಅಸಿಸ್ಟೆಂಟ್. ಹೆಸರು ಸುಮಾ. ಊರು ಕೇಳಿದರೆ ಸಿದ್ದಾಪುರದ ಹತ್ತಿರವೇ! ನನಗೆ ಹಿಡಿಸಲಾರದಷ್ಟು ಹಿಗ್ಗು. ರೈಲಿಲ್ಲದ ಊರಿನ ನಮ್ಮ ಹುಡುಗಿ ಘಟ್ಟ ಹತ್ತಿಸುತ್ತಿದ್ದಾಳೆಂದು ಬೆನ್ನು ತಟ್ಟಿದೆ.

ಸಾಹೇಬರ ಕೋಣೆ ಎಲ್ಲೂ ಕಾಣಲಿಲ್ಲ. ನಮ್ಮ ಅಡುಗೆಮನೆಗಿಂತ ಸಣ್ಣ ಜಾಗ. ಹಿಡಿಕೆಗಳು, ಗಡಿಯಾರದಂಥ ಮುಖಗಳು, ಎರಡು ಕುರ್ಚಿ, ಡೀಸೆಲ್ಲಿನ ಕಮಟು. ಗೋಡೆಯ ಆಚೆಗೇ ಆ ನಾಲ್ಕು ಸಾವಿರ ಕುದುರೆಗಳು ಗುಡುಗುಡು ಅನ್ನುತ್ತಿದ್ದವು, ಮಾತಾಡಬೇಕಾದರೆ ದನಿ ಎತ್ತಬೇಕು. ಎಲ್ಲದರ ಮೇಲೂ ನಯವಾದ ಕರಿ ಧೂಳು. ಈ ಸದ್ದಿನಲ್ಲಿ, ಈ ಸೆಕೆಯಲ್ಲಿ ಮೂವತ್ತನಾಲ್ಕು ವರ್ಷ ಕೂತಿದ್ದರೇ ಎಂದು ಆಗಲೇ ಅನ್ನಿಸಿತು. ಆದರೆ ನಿಜವಾದ ಪೆಟ್ಟು ಇನ್ನೂ ಬಿದ್ದಿರಲಿಲ್ಲ.

ಯಲ್ಲಾಪುರ ಬಿಟ್ಟು ಮೂರು ತಾಸಿನ ಮೇಲಾಗಿತ್ತು. ನನಗೆ ಸಕ್ಕರೆ ಕಾಯಿಲೆ ಬೇರೆ. ಸಂಕೋಚದಿಂದ ಸುಮಾಳ ಕಿವಿಯ ಹತ್ತಿರ ಬಾಗಿ, ಶಾಲೆಯ ಮಕ್ಕಳ ಭಾಷೆಯಲ್ಲೇ, "ತಂಗಿ, ಒಂದಕ್ಕ ಹೋಗಬೇಕಾಗಿತ್ತು. ಬಾಗಿಲಾ ಎಲ್ಲೈತವ್ವಾ?" ಎಂದು ಕೇಳಿದೆ.

ಅವಳಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದು ನಕ್ಕಳು. ನಾನು ನಗದಿದ್ದುದನ್ನು ನೋಡಿ ಅವಳ ನಗು ನಿಂತಿತು.

"ಇದ್ರಲ್ಲಿ ಅದೆಲ್ಲ ಇಲ್ಲ ಅಮ್ಮ," ಎಂದಳು. "ನಿಮ್ಮ ಮನೆಯವರು ಹೇಳಿಲ್ವ?"

"ಮತ್ತ ನೀ ಏನ್ ಮಾಡ್ತಿ?"

"ನೀರು ಕುಡಿಯೋದಿಲ್ಲ."

ಅವಳು ಅದನ್ನು ನಾವು ಬೆಳ್ಳುಳ್ಳಿ ತಿನ್ನುವುದಿಲ್ಲ ಎಂದಂತೆ ಹೇಳಿದಳು. ಡ್ಯೂಟಿ ಇರುವ ದಿನ ಎದ್ದಾಗಿನಿಂದ ಏನೂ ಕುಡಿಯುವುದಿಲ್ಲವಂತೆ. ಎಂಟು ತಾಸು, ಹತ್ತು ತಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಇಂಥ ಸ್ಟೇಷನ್ನಿನಲ್ಲಿ ನಿಂತರೆ ಓಡಿ ಹೋಗಿ ಬರಬಹುದು, ಆದರೆ ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ಯಾರಿಗೆ ಗೊತ್ತು. ಕಾಡಿನ ನಡುವೆ ಸಿಗ್ನಲ್ ಸಿಗದೆ ಗಾಡಿ ನಿಂತರೆ ಗಂಡಸರು ಹೇಗೋ ಇಳಿದು ಬರುತ್ತಾರೆ. ಭರ್ತಿ ಗಾಡಿ ಘಟ್ಟ ಹತ್ತುವಾಗ ಮಾತ್ರ ಗಂಡಸರಿಗೂ ಆಗುವುದಿಲ್ಲ. ಕುರ್ಚಿ ಬಿಡುವಂತಿಲ್ಲ, ಗಾಡಿ ನಿಲ್ಲಿಸುವಂತಿಲ್ಲ, ನಿಂತರೆ ಮತ್ತೆ ಎಬ್ಬಿಸುವುದು ಕಷ್ಟ. ಕೆಲವು ಹೊಸ ಕರೆಂಟಿನ ಇಂಜಿನ್‌ಗಳಲ್ಲಿ ಅದಕ್ಕೆ ಸಣ್ಣ ಕೋಣೆ ಮಾಡಿದ್ದಾರಂತೆ, ತನಗಿನ್ನೂ ಅಂಥದು ಸಿಕ್ಕಿಲ್ಲ ಎಂದಳು. "ಎಲ್ಲರಿಗೂ ಹಾಗೇ ಅಮ್ಮ. ಸರ್‌ಗೂ ಹಾಗೇ ಇತ್ತಲ್ಲ."

ನಾನು ಆ ಎರಡನೆಯ ಕುರ್ಚಿಯಲ್ಲಿ ಕೂತುಬಿಟ್ಟೆ. ಕಿಟಕಿಯಿಂದ ಕೆಳಗೆ ನೋಡಿದರೆ ಇವರು ಜಲ್ಲಿಕಲ್ಲಿನ ಮೇಲೆ ನಿಂತು ಬಸವರಾಜನ ಜೊತೆ ಮಾತಾಡುತ್ತಿದ್ದರು. ಇಷ್ಟು ವರ್ಷದಲ್ಲಿ ಇವರನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. ನೆತ್ತಿ ಪೂರ್ತಿ ಬೋಳಾಗಿತ್ತು. ಅದೂ ನನಗೆ ಗೊತ್ತಿರಲಿಲ್ಲ ಅನ್ನಿಸಿತು.

ಒಂದರ ಹಿಂದೆ ಒಂದು ಏನೇನೋ ನೆನಪಾಗತೊಡಗಿತು. ಒಮ್ಮೆ ಇವರನ್ನು ಶಾಲೆಗೆ ಕರೆದುಕೊಂಡು ಹೋಗಿ ಮಕ್ಕಳೆದುರು ನಿಲ್ಲಿಸಿದ್ದೆ. ಮಂಚಿಕೇರಿ ಕಡೆಯ ಒಂದು ಹುಡುಗಿ ಎದ್ದು ನಿಂತು, ಇಂಜಿನ್ನಲ್ಲಿ ಒಂದಕ್ಕೆ ಎಲ್ಲಿಗೆ ಹೋಗ್ತೀರಿ ಎಂದು ಕೇಳಿತು. ತರಗತಿ ಗೊಳ್ಳೆಂದಿತು. ಇವರು ಉತ್ತರ ಹೇಳಲು ಬಾಯಿ ತೆರೆದಿದ್ದರು, ನನಗೆ ಈಗಲೂ ಆ ಬಾಯಿ ಕಾಣುತ್ತದೆ. ನಾನು ಅಡ್ಡ ಬಂದು, ದೊಡ್ಡವರನ್ನು ಹಾಗೆಲ್ಲ ಕೇಳಬಾರದು ಎಂದು ಹುಡುಗಿಯನ್ನು ಗದರಿಸಿ ಕೂರಿಸಿದೆ. ಇವರು ಬಾಯಿ ಮುಚ್ಚಿಕೊಂಡು, ಹಾರ್ನಿನ ಬಗ್ಗೆ ಹೇಳಿದರು. ಕಿರುಬೆರಳು ಎತ್ತಿದ ಎಷ್ಟು ಸಾವಿರ ಮಕ್ಕಳಿಗೆ "ಹೋಗಿ ಬಾ" ಎಂದಿರಬಹುದು ನಾನು. ಮಗ್ಗಿ ಹೇಳುವ ನಡುವೆ, ಪರೀಕ್ಷೆಯ ನಡುವೆ, ಸಾಹೇಬರು ತಪಾಸಣೆಗೆ ಬಂದಾಗಲೂ ಬಿಟ್ಟಿದ್ದೇನೆ.

ಎದುರಿನ ಗಾಡಿ ದಾಟಿಹೋಗಿ ಸಿಗ್ನಲ್ ಬಿತ್ತು. ಇವರು ಕೈಕೊಟ್ಟು ನನ್ನನ್ನು ಕೆಳಗಿಳಿಸಿದರು. ಇಂಜಿನ್ ಒಮ್ಮೆ ಕೂಗಿ, ಮೈಮುರಿದು, ಇಂಚು ಇಂಚಾಗಿ ಹೊರಟಿತು. ಕಲ್ಲಿದ್ದಲಿನ ಡಬ್ಬಿಗಳು ಒಂದಾದ ಮೇಲೊಂದು ಕಣ್ಣೆದುರು ಹಾದುಹೋದವು, ಮುಗಿಯುವಂತೆಯೇ ಕಾಣಲಿಲ್ಲ. ಸುಮಾ ಕಿಟಕಿಯಿಂದ ಕೈಬೀಸಿದಳು. ನನ್ನ ಕೈ ಮೇಲೇಳಲಿಲ್ಲ. ನನಗೆ ಬಂದಿದ್ದ ಅವಸರ ಕೂಡ ಎಲ್ಲಿ ಹೋಯಿತೋ ತಿಳಿಯದು.

ಹಿಂದಿರುಗುವಾಗ ಇವರು ಒಂದೆರಡು ಸಲ ಏನಾಯಿತೆಂದು ಕೇಳಿ ಬಿಟ್ಟರು. ಹಳಿಯಾಳ ದಾಟಿ ಕಾಡು ಸುರುವಾಗುವಲ್ಲಿ ಕಾರು ಪಕ್ಕಕ್ಕೆ ನಿಲ್ಲಿಸಿದೆ. ಸ್ಟೇರಿಂಗ್ ಹಿಡಿದುಕೊಂಡೇ, ಮುಂದೆ ನೋಡುತ್ತ ಕೇಳಿದೆ. "ಇಂಜಿನ್ನಾಗ ಅದು ಇಲ್ಲಂತ ನನಗ್ಯಾಕ ಹೇಳಲಿಲ್ಲ?"

ಅವರಿಗೆ ತಕ್ಷಣ ಗೊತ್ತಾಯಿತು. "ಅದರಾಗ ಹೇಳೂದು ಏನೈತಿ," ಎಂದರು.

ಅಪ್ಪನ ಚಹಾದ ವಿಷಯ ಎತ್ತಿದೆ. ಅಂದು ಬನವಾಸಿಯಿಂದ ಹೋಗಿ ನೇರವಾಗಿ ಗಾಡಿ ಹತ್ತುವುದಿತ್ತಂತೆ. ಹೊಸ ಅಳಿಯ, ಎದುರಿಗೆ ಮಾವ, ಸುತ್ತ ನೆಂಟರ ಹೆಂಗಸರು. ಅಂಥಲ್ಲಿ ಯಾವ ಬಾಯಿಂದ ಹೇಳಬೇಕಿತ್ತು ಎಂದು ನನ್ನನ್ನೇ ಕೇಳಿದರು. ಸರಿ, ಅವರಿಗೆ ಬೇಡ, ನನಗಾದರೂ ಹೇಳಬಹುದಿತ್ತಲ್ಲ ಎಂದೆ.

"ನೀ ನನ್ನ ಇಂಜಿನ್ ಬಗ್ಗೆ ಊರಾಗೆಲ್ಲ ಅಷ್ಟು ಚಂದ ಹೇಳ್ಕೋತ ಅಡ್ಡಾಡ್ತಿದ್ದಿ," ಎಂದರು. "ಅದನ್ಯಾಕ ಕೆಡಸೂದು ಅಂತ ಬಿಟ್ಟೆ."

ನಾಚಿಕೆಗೆ ತಲೆ ಎತ್ತಲಾಗಲಿಲ್ಲ. ಆದರೂ ಕೆದಕುವ ಬುದ್ಧಿ ಬಿಡಲಿಲ್ಲ. ಡ್ಯೂಟಿಯ ಪ್ಯಾಂಟನ್ನು ತಾವೇ ಯಾಕೆ ಒಗೆದುಕೊಳ್ಳುತ್ತಿದ್ದರೆಂದು ಕೇಳಿದೆ. ರಿಟೈರ್ ಆಗುವ ಮುಂಚಿನ ಕೆಲವು ವರ್ಷ ಆ ಪ್ಯಾಂಟು ನನ್ನ ಕೈಗೆ ಬಂದದ್ದೇ ಇಲ್ಲ. ಎಣ್ಣೆ, ಮಸಿ ಅಂತ ನನಗೆ ಕಷ್ಟವಾಗಬಾರದೆಂದು ಹಾಗೆ ಮಾಡುತ್ತಾರೆ ಎಂದು ತಿಳಿದು, ಅದನ್ನೂ ಸ್ಟಾಫ್ ರೂಮಿನಲ್ಲಿ ಹೇಳಿ ಹೆಮ್ಮೆಪಟ್ಟಿದ್ದೆ.

ಇವರು ಕಿಟಕಿಯ ಗಾಜು ಇಳಿಸಿದರು. ಹೊರಗೆ ನೋಡುತ್ತ ನಿಧಾನಕ್ಕೆ ಹೇಳಿದರು. ಕಲ್ಲು ತೆಗೆಸಿದ ಮೇಲೆ, ನಾನು ಬಾಗಿಲಲ್ಲಿ ನಿಂತು ನೀರು ಕುಡಿಸುತ್ತಿದ್ದ ಕಾಲ. ಅಂದೂ ತಂಬಿಗೆ ಪೂರ್ತಿ ಕುಡಿಸಿ ಕಳಿಸಿದ್ದೆ, ಗಾಡಿ ಹತ್ತುವ ಮುಂಚೆ ಫೋನ್ ಮಾಡಿಸಿ ಬಾಟಲಿಯನ್ನೂ ಖಾಲಿ ಮಾಡಿಸಿದ್ದೆ. ಗಾಡಿ ಭರ್ತಿ ಕಲ್ಲಿದ್ದಲು, ಜಡಿಮಳೆ, ಹಳಿ ಒದ್ದೆ, ಗಾಲಿ ಜಾರುತ್ತಿತ್ತು. ನಿಲ್ಲಿಸಿದ್ದರೆ ಅಷ್ಟೂ ಡಬ್ಬಿ ಘಟ್ಟದ ಇಳಿಜಾರಿನಲ್ಲಿ ನಿಲ್ಲುತ್ತಿತ್ತು, ಹಿಂದಿನ ಗಾಡಿಗಳೆಲ್ಲ ನಿಲ್ಲುತ್ತಿದ್ದವು. ಇವರು ನಿಲ್ಲಿಸಲಿಲ್ಲ. ಹಿಡಿಕೆಯಿಂದ ಕೈ ತೆಗೆಯಲಿಲ್ಲ. ಒಂದು ಸುರಂಗ, ಎರಡು ಸುರಂಗ, ಮೂರನೆಯದರೊಳಗೆ ಹೋಗುವಾಗ ತಡೆಯಲಾಗಲಿಲ್ಲ.

"ಐವತ್ತೆರಡು ವಯಸ್ಸು ನನಗ ಆವಾಗ," ಎಂದರು. "ಬಸವರಾಜ ಬಾಜೂಕನ ಇದ್ದ. ಘಟ್ಟ ಮುಗಿಯೂತನಕ ಅಂವ ನನ್ನ ಕಡೆ ಮುಖಾ ತಿರುಗಿಸಲಿಲ್ಲ. ಸಿಗ್ನಲ್ ಅಷ್ಟ ಹೇಳ್ಕೋತ ಹ್ವಾದ."

ತಂಬಿಗೆ ಹಿಡಿದು ನಿಂತ ನನ್ನ ಕೈ ಕಣ್ಣಿಗೆ ಬಂತು. ಇವರ ಒಳ್ಳೆಯದಕ್ಕೆಂದು ನಿಂತ ಕೈ. ಕಾರಿನ ಬಾಗಿಲು ತೆಗೆದು ರಸ್ತೆಯ ಬದಿಗೆ ಹೋಗಿ ನಿಂತೆ. ಇವರು ಇಳಿದು ಬಂದು, ಸಕ್ಕರೆ ಕಡಿಮೆಯಾಯಿತೇನೋ ಎಂದು "ಪೆಪ್ಪರಮಿಂಟು ಐತಿ, ಬಾಯಾಗ ಹಾಕ್ಕೋ" ಎಂದರು. ಆ ಮನುಷ್ಯನಿಗೆ ನಾನು ಮೂವತ್ತು ವರ್ಷ ಪಾಠ ಮಾಡಿದ್ದೆ.

ಮರುವಾರವೇ ಬನವಾಸಿಗೆ ಹೋದೆ, ಒಬ್ಬಳೇ. ಅಪ್ಪ ತೀರಿಹೋಗಿ ಹದಿನೈದು ವರ್ಷ. ಅಣ್ಣ ಈಗ ಅಂಗಡಿ ನೋಡಿಕೊಳ್ಳುತ್ತಾನೆ. ಅವ್ವನಿಗೆ ಎಂಬತ್ತನಾಲ್ಕು, ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು, ದಿನಾ ಅಂಗಡಿಯ ಕಟ್ಟೆಯ ಮೇಲೆ ಕೂತು ಗಿರಾಕಿಗಳ ಮಕ್ಕಳ ಲಗ್ನ ವಿಚಾರಿಸುತ್ತಾಳೆ. ಅವಳ ಪಕ್ಕ ಕೂತು ಇಂಜಿನ್ನಿನ ವಿಷಯ, ನೀರಿನ ವಿಷಯ, ಅಂದು ಚಹಾ ಬೇಡವೆಂದ ಕಾರಣ ಎಲ್ಲ ಹೇಳಿದೆ. ಪ್ಯಾಂಟಿನದು ಹೇಳಲಿಲ್ಲ. ಅಪ್ಪ ತಿಳಿಯದೇ ಹೋದನಲ್ಲ, ಅಳಿಯ ಸೊಕ್ಕಿನವನೆಂದುಕೊಂಡೇ ಸತ್ತನಲ್ಲ ಎಂದು ಅತ್ತೆ.

ಅವ್ವ ಅಳಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು, "ನಿಮ್ಮಪ್ಪಗ ಗೊತ್ತಿತ್ತು," ಎಂದಳು.

ನನ್ನ ಅಳು ಅಲ್ಲೇ ನಿಂತಿತು.

ಅಪ್ಪ ಸಾಯುವ ಮೂರು ವರ್ಷ ಮುಂಚೆ ಬಟ್ಟೆ ತರಲು ದಾವಣಗೆರೆಗೆ ರೈಲಿನಲ್ಲಿ ಹೋಗಿದ್ದರಂತೆ. ಯಾವುದೋ ಸ್ಟೇಷನ್ನಿನಲ್ಲಿ ಬಹಳ ಹೊತ್ತು ನಿಂತಾಗ ಇಳಿದು ಇಂಜಿನ್ನಿನ ತನಕ ನಡೆದು, ಅದನ್ನು ಓಡಿಸುವವನಿಗೆ ಅಳಿಯನ ಹೆಸರು ಹೇಳಿ ಪರಿಚಯವೇ ಎಂದು ಕೇಳಿದ್ದಾರೆ. ಆತ ಇವರ ಗುಣವನ್ನು ಬಾಯಿತುಂಬ ಹೇಳಿದನಂತೆ. ಅಪ್ಪ ವ್ಯಾಪಾರಿ, ಮಾತಿಗೆ ಮಾತು ಬೆಳೆಸಿ ಎಲ್ಲಿ ಊಟ, ಎಲ್ಲಿ ನಿದ್ದೆ ಎಂದು ಒಂದೊಂದೇ ವಿಚಾರಿಸಿದ್ದಾರೆ. ಮನೆಗೆ ಬಂದವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. "ನಾ ಆ ಮನಿಷ್ಯಾಗ ಇಷ್ಟು ವರ್ಷ ಒಂದು ಲೋಟ ಚಾ ಕೊಟ್ಟಿಲ್ಲ," ಎಂದು ಅವ್ವನೆದುರು ಮಾತ್ರ ಹೇಳಿಕೊಂಡರಂತೆ. ನನಗೆ ಹೇಳಬಾರದೆಂದು ಆಣೆ ಹಾಕಿಸಿದ್ದರು. "ಆಕಿಗೆ ಹೇಳಿದ್ರ ಸಾಲ್ಯಾಗ ಪಾಠಾ ಮಾಡ್ತಾಳ, ಅಳಿಯಂದ್ರ ಮರ್ಯಾದಿ ಹೋಗ್ತೈತಿ ಅಂದ್ರು," ಎಂದಳು ಅವ್ವ. ನನ್ನ ಬಾಯಿಯ ವಿಷಯದಲ್ಲಿ ನನ್ನ ಗಂಡ, ನನ್ನ ಅಪ್ಪ ಇಬ್ಬರದೂ ಒಂದೇ ಅಭಿಪ್ರಾಯವಿತ್ತು.

ಅಂಗಡಿಯ ಪಕ್ಕ, ರಸ್ತೆಗೆ ಮುಖಮಾಡಿ ಒಂದು ಸಣ್ಣ ಕೋಣೆಯಿದೆ. ಆ ವರ್ಷ ಅಪ್ಪ ಗೌಂಡಿಯನ್ನು ಕರೆಸಿ ಕಟ್ಟಿಸಿದ ಬಚ್ಚಲು, ಸಂಡಾಸ. ಹಿತ್ತಲಲ್ಲಿ ಇರಬೇಕಾದದ್ದನ್ನು ಮನೆಯ ಮುಂದೆ ಕಟ್ಟಿಸಿದನೆಂದು ಓಣಿಯವರೆಲ್ಲ ನಕ್ಕಿದ್ದರು. ಗಿರಾಕಿಗಳಿಗೆ ಬೇಕಾಗುತ್ತದೆ ಎಂದು ಅಪ್ಪ ಹೇಳಿದ್ದರು, ಆದರೆ ಯಾವ ಗಿರಾಕಿಗೂ ಅದರ ಕೀಲಿ ಕೊಡಲಿಲ್ಲ. ಬಾಗಿಲಿಗೆ ಬೀಗ ಹಾಕಿಯೇ ಇರುತ್ತಿತ್ತು. ಅವ್ವ ಈಗ ಅದರತ್ತ ಕೈ ತೋರಿಸಿದಳು.

"ಅಳಿಯಂದ್ರು ಇಲ್ಲಿಂದ ಡ್ಯೂಟಿಗೆ ಹೋಗೂದಿದ್ರ, ಚಾ ಕುಡದು, ಬಸ್ ಬರೂತನಕ ಕುಂತು, ಹತ್ತೂ ಹೊತ್ತಿನಾಗ ಇಲ್ಲೇ ಹೋಗಿ ಹೋಗ್ಲಿ ಅಂತ ಕಟ್ಟಿಸಿದ್ರು," ಎಂದಳು. "ಹಿತ್ತಲತನಾ ಹೋಗಬೇಕಂದ್ರ ಹೆಂಗಸ್ರನ್ನ ದಾಟಿ ಹೋಗಬೇಕು, ಅವರು ಸಂಕೋಚದ ಮನಿಷ್ಯಾ ಅಂತ."

ಅದಾದ ಮೇಲೆ ನಾವು ಬಂದಾಗ ಅಪ್ಪ ಅಳಿಯನ ಕೈಗೆ ಆ ಕೀಲಿಕೈ ಕೊಟ್ಟರಂತೆ. ಮಾತು ಬಿಟ್ಟು ಅಷ್ಟು ವರ್ಷವಾಗಿತ್ತು, ಬಾಯಿ ಬರಲಿಲ್ಲ. ಕೀಲಿಕೈ ಕೊಟ್ಟರೆ ಕೇಳುತ್ತಾರೆ, ಕೇಳಿದರೆ ಹೇಳೋಣ ಎಂದುಕೊಂಡಿರಬೇಕು. ಇವರು ಕೇಳಲಿಲ್ಲ. ಕೀಲಿಕೈಯನ್ನು ಒಂದು ಕ್ಷಣ ನೋಡಿ, ಗೋಡೆಯ ಗೂಟಕ್ಕೆ ತೂಗುಹಾಕಿ, ಬ್ಯಾಗು ಹಿಡಿದು ಹೊರಟರಂತೆ. ಅಪ್ಪ ಅಂಗಡಿಯೊಳಗೆ ಹೋಗಿ ಅಳತೆಗೋಲು ಹಿಡಿದುಕೊಂಡು ನಿಂತಿದ್ದರಂತೆ. ಮತ್ತೆ ಕೊಡಲಿಲ್ಲ.

ನಾನು ಅಲ್ಲಿಂದಲೇ ಇವರಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಲೈನು ಹೋಯಿತೇನೋ ಎಂದು ಎರಡು ಸಲ "ಹಲೋ" ಅಂದೆ.

"ಆ ಕೀಲಿಕೈ ನೆನಪೈತಿ," ಎಂದರು ಕೊನೆಗೆ. "ಮಾವನವರು ಅಂಗಡಿ ಕೀಲಿ ಕೊಟ್ಟು, ಹೋಗೂವಾಗ ನೀವ ಬಾಗಿಲಾ ಹಾಕ್ಕೊಂಡು ಹೋಗ್ರಿ, ನಾ ಕಳಸಾಕ ಬರೂದಿಲ್ಲ ಅಂತ ಹೇಳಾಕತ್ತಾರ ಅನ್ಕೊಂಡೆ."

ಆಮೇಲೆ ಕೇಳಿದರು, "ಅದಕ್ಕ ಕಿಡಕಿ ಇಟ್ಟಾರೇನು?"

ಕಟ್ಟೆಯಿಂದ ಇಳಿದು ಹೋಗಿ ನೋಡಿದೆ. ರಸ್ತೆಯ ಕಡೆ ಗೋಡೆಯ ಮೇಲ್ಭಾಗದಲ್ಲಿ ಒಂದು ಸಣ್ಣ ಕಿಟಕಿಯಿತ್ತು. ಒಳಗಿದ್ದವರಿಗೆ ಬಸ್ಸು ಬಂದದ್ದು ಕಾಣುವಷ್ಟು.